ಗೋಡೆಯ ಮೇಲಿನ ಇಪ್ಪತ್ತು ಅಂಕಿ

ನಮ್ಮ ಪ್ರಾಂಶುಪಾಲರ ಕಾರಿನ ನಂಬರಿನ ಅಂಕಿಗಳನ್ನು ಕೂಡಿದರೆ ಒಂಬತ್ತು ಬರುತ್ತದೆ. ಇದನ್ನು ನಾನು ಕೂಡಿ ಕಂಡುಕೊಂಡದ್ದಲ್ಲ. ಅವರೇ ಹೇಳಿದ್ದು, ಸ್ಟಾಫ್ ರೂಮಿಗೆ ಬಂದಾಗಲೆಲ್ಲ ಹೇಳಿದ್ದು. ಅವರ ಮೊಬೈಲ್ ನಂಬರು ಕೂಡಿದರೂ ಒಂಬತ್ತು, ಮನೆ ನಂಬರು ಕೂಡಿದರೂ ಒಂಬತ್ತು. ಮಗಳ ಮದುವೆಯ ತಾರೀಕು ಕೂಡಿದಾಗ ಎಂಟು ಬಂತೆಂದು, ಪುರೋಹಿತರು ಇಟ್ಟುಕೊಟ್ಟ ಮುಹೂರ್ತವನ್ನೇ ಒಂದು ದಿನ ಮುಂದಕ್ಕೆ ತಳ್ಳಿದ ಮಹಾನುಭಾವರು. ಒಂಬತ್ತರಲ್ಲಿ ಅಂಥದ್ದೇನಿದೆ ಸಾರ್ ಎಂದು ಒಮ್ಮೆ ಕೇಳಿದ್ದೆ. ‘ಒಂಬತ್ತು ಯಾವತ್ತೂ ಕೈಬಿಡಲ್ಲ ಮೇಡಂ, ಯಾವುದರಿಂದ ಬೇಕಾದರೂ ಗುಣಿಸಿ, ಅಂಕಿ ಕೂಡಿದರೆ ಮತ್ತೆ ಒಂಬತ್ತೇ’ ಎಂದರು. ನಾವು ಹತ್ತರ ಲೆಕ್ಕದಲ್ಲಿ ಸಂಖ್ಯೆ ಬರೆಯುವುದರಿಂದ ಆಗುವ ಸಾಧಾರಣ ಸಂಗತಿ ಅದು, ಅದರಲ್ಲಿ ದೈವ ಏನೂ ಇಲ್ಲ ಎಂದು ವಿವರಿಸಲು ಹೋದೆ. ಅಷ್ಟರಲ್ಲಿ ಅವರು ಕಾಫಿಗೆ ಎದ್ದಿದ್ದರು.

ನಾನು ಮಳವಳ್ಳಿ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಮನೆ ಮದ್ದೂರಿನಲ್ಲಿ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕಬ್ಬಿನ ಕಾಲದಲ್ಲಿ ಟ್ರ್ಯಾಕ್ಟರುಗಳ ಹಿಂದೆ ತೆವಳಿಕೊಂಡು ಹೋಗಿ ಬರುತ್ತೇನೆ. ಯಾರನ್ನೂ ಸುಲಭಕ್ಕೆ ಗೌರವಿಸುವವಳಲ್ಲ ಎಂದು ಸಹೋದ್ಯೋಗಿಗಳು ನನ್ನ ಬಗ್ಗೆ ಆಡಿಕೊಳ್ಳುತ್ತಾರೆ. ಸರಿಯಾಗಿಯೇ ಆಡಿಕೊಳ್ಳುತ್ತಾರೆ. ಹದಿನೈದಕ್ಕೆ ಶೇಕಡಾ ಇಪ್ಪತ್ತು ಎಷ್ಟು ಎಂದರೆ ಮೊಬೈಲ್ ತೆಗೆಯುವ ವಾಣಿಜ್ಯಶಾಸ್ತ್ರದವರನ್ನೂ, ‘ನನಗೆ ಮ್ಯಾಥ್ಸ್ ಅಂದರೆ ಆಗ್ತಿರಲಿಲ್ಲ’ ಎಂದು ದೊಡ್ಡ ಪದಕ ಗೆದ್ದವರ ಹಾಗೆ ಹೇಳಿಕೊಳ್ಳುವವರನ್ನೂ ಗೌರವಿಸಲು ನನಗೆ ಬರುವುದಿಲ್ಲ. ಕನ್ನಡ ಬರುವುದಿಲ್ಲ ಎಂದು ಹಾಗೆ ಹೆಮ್ಮೆಯಿಂದ ಹೇಳಿದರೆ ಒದೆ ಬೀಳುತ್ತದೆ. ಗಣಿತ ಬರುವುದಿಲ್ಲ ಎಂದರೆ ಎಲ್ಲರೂ ನಕ್ಕು ಟೀ ತರಿಸುತ್ತಾರೆ.

ನನಗೆ ಗೌರವ ಇದ್ದದ್ದು ಒಂದು ಸಂಖ್ಯೆಯ ಮೇಲೆ. 12345678910987654321. ಒಂದರಿಂದ ಹತ್ತರವರೆಗೆ ಎಣಿಸಿಕೊಂಡು ಹೋಗಿ, ಮತ್ತೆ ಒಂದರವರೆಗೆ ಇಳಿದು, ಎಲ್ಲವನ್ನೂ ಒತ್ತೊತ್ತಾಗಿ ಬರೆದರೆ ಇದು ಬರುತ್ತದೆ. ಅಂಗನವಾಡಿಯ ಮಗುವೂ ಬರೆಯಬಹುದು. ಒಟ್ಟು ಇಪ್ಪತ್ತು ಅಂಕಿ. ಬಾಯಲ್ಲಿ ಹೇಳಬೇಕೆಂದರೆ ಒಂದು ಲಕ್ಷ ಇಪ್ಪತ್ತಮೂರು ಸಾವಿರ ಚಿಲ್ಲರೆ ಕೋಟಿ ಕೋಟಿ. ಇಷ್ಟು ಸರಳವಾಗಿ ಕಾಣುವ ಈ ಸಂಖ್ಯೆ ಅವಿಭಾಜ್ಯ. ಅಂದರೆ ಒಂದು ಮತ್ತು ತಾನು ಬಿಟ್ಟರೆ ಬೇರೆ ಯಾವ ಸಂಖ್ಯೆಯಿಂದಲೂ ಇದನ್ನು ಶೇಷವಿಲ್ಲದೆ ಭಾಗಿಸಲು ಆಗುವುದಿಲ್ಲ. ಹನ್ನೆರಡು ತೆಂಗಿನಕಾಯಿ ಇದ್ದರೆ ನಾಲ್ಕು ನಾಲ್ಕರಂತೆ ಮೂರು ಸಾಲು ಜೋಡಿಸಬಹುದು. ಹದಿಮೂರನ್ನು ಹೇಗೆ ಜೋಡಿಸಿದರೂ ಸಾಲು ಕೆಡುತ್ತದೆ, ಒಂದೇ ಉದ್ದ ಸಾಲು ಹಾಕಬೇಕು. ಈ ಇಪ್ಪತ್ತು ಅಂಕಿಯಷ್ಟು ಕಾಯಿ ಲೋಕದಲ್ಲಿ ಇಲ್ಲ. ಇದ್ದಿದ್ದರೆ ಅವನ್ನೂ ಒಂದೇ ಸಾಲಿನಲ್ಲಿ ಇಡಬೇಕಿತ್ತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ಯಾವುದೋ ಪುಸ್ತಕದಲ್ಲಿ ಓದಿದೆ. ನಂಬಿಕೆ ಬರಲಿಲ್ಲ. ಬಸ್ಸಿನಲ್ಲಿ ಕೂತು ಹಳೆಯ ಪ್ರಶ್ನೆಪತ್ರಿಕೆಗಳ ಬೆನ್ನಿನ ಮೇಲೆ ಭಾಗಿಸಲು ಶುರುಮಾಡಿದೆ. ಅಂಕಿಗಳ ಮೊತ್ತ ತೊಂಬತ್ತೊಂದು, ಹಾಗಾಗಿ ಮೂರರಿಂದ ಹೋಗುವುದಿಲ್ಲ, ಒಂಬತ್ತರಿಂದಲೂ ಇಲ್ಲ. ಏಳರಿಂದ ಇಲ್ಲ. ಹನ್ನೊಂದರಿಂದ ಇಲ್ಲ. ಹದಿಮೂರು, ಹದಿನೇಳು, ಹತ್ತೊಂಬತ್ತು. ಎರಡು ವರ್ಷ ಹೋಗುತ್ತಾ ಬರುತ್ತಾ ಇದೇ ಕೆಲಸ. ಪಕ್ಕದಲ್ಲಿ ಕೂತವರು ಚೀಟಿ ವ್ಯವಹಾರ ಎಂದುಕೊಂಡು ‘ನಮ್ದೂ ಒಂದ್ ಆಕ್ಕೊಳಿ ಮೇಡಮ್ಮೋರೆ’ ಎಂದಿದ್ದೂ ಉಂಟು. ಪೂರ್ತಿ ಮುಗಿಸಬೇಕಾದರೆ ಸುಮಾರು ಮುನ್ನೂರ ಐವತ್ತೊಂದು ಕೋಟಿಯವರೆಗೆ ಭಾಗಿಸಿ ನೋಡಬೇಕು. ಸೆಕೆಂಡಿಗೆ ಒಂದರಂತೆ ಎಲ್ಲವನ್ನೂ ಭಾಗಿಸಿದರೂ ನೂರು ವರ್ಷ ದಾಟುತ್ತದೆ. ಆಮೇಲೆ ಕಾಲೇಜಿಗೆ ಕಂಪ್ಯೂಟರ್ ಬಂತು. ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಅವಿಭಾಜ್ಯ ಎಂದು ಹೇಳಿ ಸುಮ್ಮನಾಯಿತು. ನನಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು.

ಇನ್ನೊಂದು ಗುಣ ಇದೆ ಇದಕ್ಕೆ. ನೋಡಿದವರೆಲ್ಲ ಎರಡು ಕಡೆಯಿಂದ ಓದಿದರೂ ಒಂದೇ ಎನ್ನುತ್ತಾರೆ. ಅಲ್ಲ. ನೆತ್ತಿಯ ಮೇಲೆ ಹತ್ತು ಇದೆಯಲ್ಲ, ಅದನ್ನು ಹಿಂದಿನಿಂದ ಓದಿದರೆ ಸೊನ್ನೆ ಮೊದಲು ಬರುತ್ತದೆ. ಅಷ್ಟು ಅಂದವಾದ ಸಂಖ್ಯೆಯಲ್ಲಿ ನಟ್ಟನಡುವೆ ಸಣ್ಣ ಸೊಟ್ಟ. ಆ ಸೊಟ್ಟ ಇಲ್ಲದೆ ಹೋದರೆ ಅದು ಅವಿಭಾಜ್ಯವೇ ಅಲ್ಲ. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಒಬ್ಬರು, ‘ಇದು ಲಾಟರಿಗೆ ಬರುತ್ತಾ?’ ಎಂದು ಕೇಳಿದರು. ಅವರ ಜೊತೆ ಮೂರು ತಿಂಗಳು ಮಾತು ಬಿಟ್ಟೆ. ಅವರಿಗೆ ಅದು ಗೊತ್ತಾಗಲೇ ಇಲ್ಲ ಎಂಬುದು ಬೇರೆ ಮಾತು.

ಇನ್ನು ನನ್ನ ಗಂಡ. ಅವನು ನನ್ನ ಸೋದರಮಾವ, ಅಮ್ಮನ ತಮ್ಮ. ಮನೆಯ ಹುಡುಗಿ ಮನೆಯಲ್ಲೇ ಇರಲಿ ಎಂಬ ದೊಡ್ಡವರ ಲೆಕ್ಕಾಚಾರದಲ್ಲಿ ಬಿ.ಎಸ್ಸಿ. ಮುಗಿಸಿದ ವರ್ಷವೇ ನನ್ನನ್ನು ಅವನಿಗೆ ಕಟ್ಟಿದರು. ಆತಗೂರಿನವನು, ಏಳನೇ ಕ್ಲಾಸು. ಈಗಲೂ ಅವನನ್ನು ಮಾವ ಎಂದೇ ಕರೆಯುತ್ತೇನೆ. ಮದ್ದೂರಿನ ಮಂಡಿಯಲ್ಲಿ ಕಾಯಿ ಎಣಿಸುವುದು ಅವನ ಕಸುಬು. ಲಾರಿಗೆ ತುಂಬುವ ಮೊದಲು ಕಾಯಿ ಎಣಿಸಬೇಕಲ್ಲ, ಆ ಕೆಲಸ. ಒಂದೊಂದು ಕೈಯಲ್ಲಿ ಒಂದೊಂದು ಕಾಯಿ ಹಿಡಿದು ಜೋಡಿಯಾಗಿ ಎಸೆಯುತ್ತಾನೆ, ಎಸೆದಂತೆಲ್ಲ ಎಣಿಸುತ್ತಾನೆ. ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾನೆ. ಈ ಕಡೆ ರಾಗಿ ಅಳೆಯುವವರೂ ಹಾಗೆಯೇ. ಲಾಭ, ಎರಡು, ಮೂರು ಎಂದು ಒಂಬತ್ತರವರೆಗೆ ಬಾಯಿ ನಡೆಯುತ್ತದೆ. ಹತ್ತನೆಯ ಜೋಡಿಗೆ ಬಾಯಿ ಮುಚ್ಚಿಕೊಳ್ಳುತ್ತಾನೆ. ಆ ಜೋಡಿಯನ್ನು ರಾಶಿಗೆ ಹಾಕದೆ ಬಲಗಡೆ ಬೇರೆಯಾಗಿ ಎಸೆಯುತ್ತಾನೆ. ಅದು ಗುರುತಿನ ಕಾಯಿ. ಮತ್ತೆ ಲಾಭದಿಂದ ಶುರು. ಕೊನೆಗೆ ಪಕ್ಕದಲ್ಲಿ ಎಷ್ಟು ಜೋಡಿ ಬಿದ್ದಿವೆ ನೋಡಿದರೆ ಎಷ್ಟು ಹತ್ತು ಎಂದು ಗೊತ್ತಾಯಿತು. ರಾಶಿ ಲಾರಿ ಏರಿದ ಮೇಲೆ ಜಗಳ ಬಂದರೆ ಯಾರೂ ರಾಶಿಯ ಮಾತು ಎತ್ತುವುದಿಲ್ಲ, ಗುರುತಿನ ಕಾಯಿ ನೋಡುತ್ತಾರೆ. ಅದಕ್ಕೇ ಅವು ಕಟ್ಟಕಡೆಗೆ ಲಾರಿ ಏರುವುದು.

ಈ ಎಣಿಕೆ ನನಗೆ ಮೊದಲಿನಿಂದಲೂ ಸಿಟ್ಟು ತರಿಸುತ್ತಿತ್ತು. ಎಂ.ಎಸ್ಸಿ.ಗೆ ಹೋಗುವಾಗ ಬೆಳಗ್ಗೆ ಮೈಸೂರಿನ ರೈಲಿಗೆ ನನ್ನನ್ನು ಬಿಡಲು ಸ್ಟೇಷನ್ನಿಗೆ ಬರುತ್ತಿದ್ದವನು ಅವನೇ, ಅದು ನಿಜ. ಆದರೂ ಮನೆಯಲ್ಲಿ ಚಮಚ ಎಣಿಸುವಾಗಲೂ ಲಾಭ ಎನ್ನುವ ಮನುಷ್ಯನ ಜೊತೆ ನಾನು ಸಂಖ್ಯಾಸಿದ್ಧಾಂತ ಮಾತಾಡಬೇಕೆ? ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ನಾನು ಏನು ಕಲಿಸುತ್ತೇನೆ ಎಂದು ಅವನಿಗೆ ಹೇಳುವ ಗೋಜಿಗೆ ಹೋಗಿರಲಿಲ್ಲ. ಅವನು ಕೇಳಿದರೆ ‘ನಿನಗೆ ಗೊತ್ತಾಗಲ್ಲ ಬಿಡು ಮಾವ’ ಎನ್ನುತ್ತಿದ್ದೆ. ಅವನು ಬಿಡುತ್ತಿದ್ದ.

ಹೋದ ವರ್ಷ ಕಾಲೇಜಿನ ಕಾಂಪೌಂಡಿಗೆ ಹೊಸ ಗೋಡೆ ಕಟ್ಟಿಸಿದರು. ರಸ್ತೆಗೆ ಮುಖ ಮಾಡಿದ ಉದ್ದನೆಯ ಗೋಡೆ. ಬೋಳು ಗೋಡೆ ಕಂಡರೆ ನಮ್ಮ ಜನಕ್ಕೆ ಕೈ ತುರಿಸುತ್ತದೆ. ಹುಟ್ಟುಹಬ್ಬದ ಶುಭಾಶಯ, ಬೋರ್‌ವೆಲ್ ಪಾಯಿಂಟ್, ಮೂಲವ್ಯಾಧಿ ಚಿಕಿತ್ಸೆ, ಏನಾದರೂ ಒಂದು ಬರೆಯಲೇಬೇಕು. ಪ್ರಾಂಶುಪಾಲರು ಅಲ್ಲಿ ದಾನಿಗಳ ಪಟ್ಟಿ ಬರೆಸುವುದೆಂದು ತೀರ್ಮಾನಿಸಿದ್ದರು. ನಾನು ಅಡ್ಡಬಂದೆ. ಗಣಿತ ದಿನಾಚರಣೆ ಬರುತ್ತಿದೆ, ಆ ಗೋಡೆಯ ಮೇಲೆ ನನ್ನ ಸಂಖ್ಯೆ ಬರೆಸಿಕೊಡಿ ಎಂದೆ. ಮಳವಳ್ಳಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಒಂದು ಸಲವಾದರೂ ಇದೇನು ಅನಿಸಲಿ, ಅಷ್ಟೇ ನನ್ನ ಆಸೆ. ಇಷ್ಟು ವರ್ಷ ಕಲಿಸಿದ್ದಕ್ಕೆ ಈ ಊರಿನಲ್ಲಿ ನನ್ನದೆಂದು ಉಳಿಯುವುದು ಅದೊಂದೇ ಎಂದು ನನಗೆ ಅನಿಸಿತ್ತು. ಎರಡು ವಾರ ಬೆನ್ನು ಬಿದ್ದ ಮೇಲೆ ಒಪ್ಪಿದರು. ಒಂದು ಷರತ್ತು ಹಾಕಿದರು.

‘ನೋಡಿ ಮೇಡಂ, ದಾನಿಗಳಿಗೆ ನಾನು ಏನೋ ಸಬೂಬು ಹೇಳ್ತೀನಿ. ಆದರೆ ಅದರಲ್ಲಿ ಒಂದೇ ಒಂದು ತಪ್ಪು ಅಂತ ಗೊತ್ತಾದರೂ ಬಣ್ಣ ಹೊಡೆಸಿ ಪಟ್ಟಿ ಬರೆಸ್ತೀನಿ. ಆಮೇಲೆ ನೀವು ಮಾತಾಡೋ ಹಾಗಿಲ್ಲ.’

‘ತಪ್ಪು ಕಂಡುಹಿಡಿಯುವವರು ಈ ತಾಲ್ಲೂಕಿನಲ್ಲಿ ಯಾರಿದ್ದಾರೆ ಸಾರ್?’ ಎಂದೆ. ಅವರು ನಕ್ಕರು. ಅದು ಅವರಿಗೂ ಸೇರಿ ಹೇಳಿದ್ದು ಎಂದು ಅವರಿಗೆ ಹೊಳೆಯಲಿಲ್ಲ.

ಬರೆಯಲು ಮದ್ದೂರಿನ ಪೇಂಟರ್ ಒಬ್ಬನನ್ನು ಮಾವನೇ ಗೊತ್ತುಮಾಡಿದ. ಲಾರಿಗಳ ಹಿಂದೆ, ಟ್ರ್ಯಾಕ್ಟರ್ ಟ್ರೇಲರುಗಳ ಮೇಲೆ ಅಕ್ಷರ ಬರೆಯುವವನು; ಕೈ ಚೆನ್ನಾಗಿತ್ತು. ಒಂದು ಭಾನುವಾರ ಮೂವರೂ ಮಳವಳ್ಳಿಗೆ ಹೋದೆವು. ಏಣಿಯ ಮೇಲೆ ನಿಂತವನು ಪ್ರತಿ ಅಂಕಿಗೂ ಚೀಟಿ ನೋಡಿಕೊಂಡು ಬರೆಯಲು ಆಗುವುದಿಲ್ಲ, ಕೆಳಗಿನಿಂದ ಯಾರಾದರೂ ಕೂಗಿ ಹೇಳಬೇಕು ಎಂದ ಪೇಂಟರ್. ನಾನು ಹೇಳಬಹುದಿತ್ತು. ಆದರೆ ಪ್ರೆಸ್ಸಿನಲ್ಲಿ ಆಮಂತ್ರಣ ಪತ್ರಿಕೆಯ ಕರಡು ತಿದ್ದುವುದಿತ್ತು. ಮಾವನ ಕೈಗೆ ಚೀಟಿ ಕೊಟ್ಟೆ.

‘ಇದರಲ್ಲಿ ಕಷ್ಟ ಏನೂ ಇಲ್ಲ. ಒಂದರಿಂದ ಹತ್ತರವರೆಗೆ ಹೋಗು, ಮತ್ತೆ ಒಂದರವರೆಗೆ ವಾಪಸ್ ಬಾ. ನಿನಗೂ ಗೊತ್ತಾಗೋ ಹಾಗಿದೆ.’

‘ಅಷ್ಟೇನಾ? ಇದ್ಕೆ ಚೀಟಿ ಬೇರೆ ಕೇಡು’ ಎಂದು ಅವನು ಅದನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡ. ‘ನೀನ್ ಓಗಮ್ಮಿ, ನಾವ್ ನೋಡ್ಕತೀವಿ.’

ಪ್ರೆಸ್ಸಿನಲ್ಲಿ ನನ್ನ ಬೆಳಗಿನ ಹೊತ್ತು ಬಹಳ ಸುಖವಾಗಿ ಕಳೆಯಿತು. ಅವಿಭಾಜ್ಯ ಸಂಖ್ಯೆ ಎಂದು ಇರಬೇಕಾದ ಕಡೆ ಅವಿಭಕ್ತ ಸಂಖ್ಯೆ ಎಂದು ಹೊಡೆದಿದ್ದರು, ಅದೇನೋ ಅಣ್ಣತಮ್ಮಂದಿರು ಪಾಲಾಗದೆ ಒಟ್ಟಿಗಿರುವ ಸಂಸಾರದ ಹಾಗೆ. ಪ್ರೆಸ್ಸಿನವನಿಗೆ ಮುಖದ ನೀರಿಳಿಸಿದೆ. ನಿನ್ನ ಕಸುಬನ್ನು ನೀನು ಕಣ್ಣುಬಿಟ್ಟು ಮಾಡಬಾರದೇ ಎಂದೆ. ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಓದಿ ಹನ್ನೊಂದು ತಪ್ಪು ಹಿಡಿದೆ. ಅಲ್ಲಿಂದ ಬರುವಷ್ಟರಲ್ಲಿ ಗೋಡೆಯ ಕೆಲಸ ಮುಗಿದಿತ್ತು. ಬಿಳಿ ಗೋಡೆಯ ಮೇಲೆ ಎರಡಡಿ ಎತ್ತರದ ಕಪ್ಪು ಅಂಕಿಗಳು, ಈ ತುದಿಯಿಂದ ಆ ತುದಿಗೆ ಸಮಸಮವಾಗಿ ತುಂಬಿದ್ದವು. ಶುರುವಿನಲ್ಲಿ 12345 ಇತ್ತು, ಕೊನೆಯಲ್ಲಿ 54321 ಇತ್ತು. ಬಸ್ಸಿಗೆ ಹೊತ್ತಾಗಿತ್ತು. ಚೆನ್ನಾಗಿದೆ ಎಂದು ಪೇಂಟರಿಗೆ ಹೇಳಿ ಬಂದೆ. ಮಾವನಿಗೆ ಹೇಳಲಿಲ್ಲ.

ಗಣಿತ ದಿನದಂದು ಗೋಡೆಗೆ ಎದುರಾಗಿ ಶಾಮಿಯಾನ ಹಾಕಿಸಿದರು. ಮುಖ್ಯ ಅತಿಥಿ ಮೈಸೂರಿನಿಂದ ಬಂದ ನಿವೃತ್ತ ಪ್ರಾಧ್ಯಾಪಕರು. ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಅತಿಥಿಗಳು ಗೋಡೆಯತ್ತ ಕೈ ತೋರಿಸಿ, ಈ ಮಹಾನ್ ಅವಿಭಾಜ್ಯ ಸಂಖ್ಯೆ ತಮಗೆ ವಿದ್ಯಾರ್ಥಿ ದೆಸೆಯಿಂದಲೂ ಪರಿಚಿತ ಎಂದು ಹೇಳಿ, ಉಳಿದ ನಲವತ್ತು ನಿಮಿಷ ಶಿಸ್ತಿನ ಬಗ್ಗೆ ಮಾತಾಡಿದರು. ಮಾವ ಬಂದಿರಲಿಲ್ಲ. ಬರಲೇ ಎಂದು ಕೇಳಿದ್ದ, ಬೇಡ ಎಂದಿದ್ದೆ. ಆಮೇಲೆ ಪ್ರಾಂಶುಪಾಲರು ಎದ್ದರು.

‘ನಾನು ಗಣಿತದವನಲ್ಲ’ ಎಂದು ಶುರುಮಾಡಿದರು. ಗೊತ್ತಿದ್ದದ್ದೇ. ‘ಆದರೂ ನಾನೊಂದು ಸಂಶೋಧನೆ ಮಾಡಿದ್ದೀನಿ. ಆ ಗೋಡೆ ಮೇಲಿರೋ ಅಂಕಿಗಳನ್ನೆಲ್ಲ ಬೆಳಗ್ಗೆ ಕೂತು ಕೂಡಿದೆ. ತೊಂಬತ್ತು ಬಂತು! ಒಂಬತ್ತೂ ಸೊನ್ನೆ ಕೂಡಿ, ಒಂಬತ್ತು! ಮೇಡಂ ನಮ್ಮ ಕಾಲೇಜಿಗೆ ಅದೃಷ್ಟ ಸಂಖ್ಯೆಯನ್ನೇ ಹುಡುಕಿ ತಂದಿದ್ದಾರೆ!’

ಜನ ಚಪ್ಪಾಳೆ ತಟ್ಟಿದರು. ನಾನು ಮನಸ್ಸಿನಲ್ಲೇ, ಎರಡನೇ ಕ್ಲಾಸಿನ ಕೂಡುವ ಲೆಕ್ಕವೂ ಬಾರದ ಪ್ರಾಣಿ ಎಂದು ಬೈದುಕೊಂಡೆ. ತೊಂಬತ್ತೊಂದು ಅದು. ಎಷ್ಟು ಸಲ ಕೂಡಿದ್ದೇನೆ ನಾನು. ಬೈದುಕೊಳ್ಳುತ್ತಲೇ ಗೋಡೆಯ ಕಡೆ ನೋಡಿದೆ. ಎಡದಿಂದ ಎಣಿಸಿಕೊಂಡು ಹೋದೆ. ಏಳು, ಎಂಟು, ಒಂಬತ್ತು. ಅದರ ಪಕ್ಕದಲ್ಲೇ ಇನ್ನೊಂದು ಒಂಬತ್ತು. ನಡುವೆ ಏನೂ ಇಲ್ಲ.

123456789987654321. ಹದಿನೆಂಟು ಅಂಕಿ. ಹತ್ತು ಇರಲಿಲ್ಲ.

ಇದಕ್ಕಿಂತ ಕೀಳಾದ ಸಂಖ್ಯೆ ಆ ಗೋಡೆಗೆ ಸಿಗುತ್ತಿರಲಿಲ್ಲ. ಮೊತ್ತ ತೊಂಬತ್ತಾದ್ದರಿಂದ ಒಂಬತ್ತರಿಂದ ಹೋಗುತ್ತದೆ. ಎರಡು ಕಡೆಯಿಂದಲೂ ಒಂದೇ ಆಗಿ, ಅಂಕಿಗಳು ಸರಿಸಂಖ್ಯೆಯಲ್ಲಿರುವುದರಿಂದ ಹನ್ನೊಂದರಿಂದ ಹೋಗುತ್ತದೆ. ಏಳನೇ ಕ್ಲಾಸಿನ ಹುಡುಗಿ ಬಾಯಲ್ಲೇ ಹೇಳಬಹುದು. ಕೂತಲ್ಲೇ ನನಗೆ ಪೂರ್ತಿ ಬಿಡಿಸಿಕೊಂಡಿತು: ಒಂಬತ್ತು ಒಂದುಗಳನ್ನು ಸಾಲಾಗಿ ಬರೆದ ಸಂಖ್ಯೆಯನ್ನು, ಹತ್ತು ಒಂದುಗಳನ್ನು ಸಾಲಾಗಿ ಬರೆದ ಸಂಖ್ಯೆಯಿಂದ ಗುಣಿಸಿದರೆ ಬರುವುದು ಇದೇ. ಮುಂದಿನ ಮಾತು ನನ್ನದಾಗಿತ್ತು. ಹೆಸರು ಕರೆದರು.

ಮೈಕಿನ ಮುಂದೆ ನಿಂತೆ. ಪ್ರಾಂಶುಪಾಲರ ಷರತ್ತು ನೆನಪಿತ್ತು. ತಪ್ಪಾಗಿದೆ ಎಂದರೆ ಗೋಡೆ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಇವರೆಲ್ಲ ನಗುತ್ತಾರೆ. ಲಾಟರಿಯ ಮನುಷ್ಯ ಎರಡನೇ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ‘ಈ ಸಂಖ್ಯೆಯನ್ನು ಯಾರಿಂದಲೂ ಭಾಗಿಸಲು ಸಾಧ್ಯವಿಲ್ಲ’ ಎಂದೆ, ಒಂಬತ್ತರಿಂದ ಹೋಗುವ ಸಂಖ್ಯೆಯತ್ತ ಕೈ ತೋರಿಸಿ. ಅತಿಥಿಗಳು ತಲೆದೂಗಿದರು. ಮುನ್ನೂರು ಜನರಲ್ಲಿ ಒಬ್ಬರೂ ಕೈ ಎತ್ತಲಿಲ್ಲ. ನನ್ನ ಶಿಷ್ಯಂದಿರೇ ನೂರು ಜನ ಇದ್ದರು ಅದರಲ್ಲಿ. ಎಂಥ ದಡ್ಡ ಶಿಖಾಮಣಿಗಳು ಎಂದುಕೊಂಡೆ, ದೇವರ ದಯೆ ಎಂದೂ ಅಂದುಕೊಂಡೆ.

ಸಂಜೆ ಐದೂವರೆಗೆ ಮನೆ ಸೇರಿದಾಗ ಮಾವ ಟೀ ಕಾಸುತ್ತಿದ್ದ. ಚಪ್ಪಲಿ ಬಿಡದೆಯೇ ಕೇಳಿದೆ.

‘ಚೀಟಿ ನೋಡಿ ಹೇಳಿದ್ಯಾ ಅವತ್ತು?’

‘ಚೀಟಿ ಯಾಕಮ್ಮಿ? ಓಗಿ ವಾಪಸ್ ಬಾ ಅಂದ್ಯಲ್ಲ, ಅಂಗೇ ಯೇಳ್ದೆ.’

‘ಹೇಗೆ ಹೇಳಿದೆ? ಈಗ ಹೇಳು.’

ಸೌಟು ಕೆಳಗಿಟ್ಟು ಹೇಳಿದ. ‘ಲಾಭ, ಎಲ್ಡು, ಮೂರು, ನಾಕು, ಐದು, ಆರು, ಏಳು, ಎಂಟು, ಒಂಬತ್ತು.’ ಬಾಯಿ ನಿಂತಿತು. ಬಲಗೈ ತಾನಾಗಿಯೇ ಪಕ್ಕಕ್ಕೆ ಬೀಸಿತು, ಖಾಲಿ ಕೈ. ಮತ್ತೆ ಬಾಯಿ ಶುರುವಾಯಿತು. ‘ಒಂಬತ್ತು, ಎಂಟು, ಏಳು.’

‘ನಿಲ್ಲಿಸು. ಹತ್ತು ಎಲ್ಲಿ?’

‘ಆಕುದ್ನಲ್ಲ’ ಎಂದು ಅಡುಗೆಮನೆಯ ಮೂಲೆ ತೋರಿಸಿದ.

ಅಲ್ಲಿ ಕಸಪೊರಕೆ ಇತ್ತು. ನನಗೆ ನಗು ಬರಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ನಿನ್ನ ಮಂಡಿ, ನಿನ್ನ ಲಾಭ, ನಿನ್ನ ಏಳನೇ ಕ್ಲಾಸು, ಒಂದು ಕೆಲಸ ನೆಟ್ಟಗೆ ಮಾಡಲು ಬಾರದ ಜನ್ಮ ಎಂದೆ. ಇಪ್ಪತ್ತೈದು ವರ್ಷದ್ದು ಒಟ್ಟಿಗೆ ಬಂತು. ಅವನು ಒಲೆ ಆರಿಸಿ ನಿಂತುಕೊಂಡು ಕೇಳಿಸಿಕೊಂಡ. ಆಮೇಲೆ ಮೊದಲ ಬಾರಿಗೆ ಆ ಸಂಖ್ಯೆಯ ವಿಷಯ ಏನು ಎಂದು ಕೇಳಿದ. ಸಿಟ್ಟಿನಲ್ಲೇ ಹೇಳಿದೆ, ಕಾಯಿಗಳನ್ನು ಸಾಲು ಜೋಡಿಸುವ ಲೆಕ್ಕದಲ್ಲಿ ಹೇಳಿದೆ. ಅವನಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಫಸ್ಟ್ ಪಿಯುಸಿಗೆ ಎರಡು ಪೀರಿಯಡ್ಡು ಬೇಕು ಅದಕ್ಕೆ.

‘ಅಂಗಾರೆ ನಾನ್ ಬರೆಸಿರೋದು ಸಾಲಾಯ್ತದೆ, ನಿಂದು ಆಗಕಿಲ್ಲ. ಅಲ್ವಾ?’

‘ಹೌದು.’

‘ಮತ್ತೆ ಸ್ಟೇಜಲ್ಲಿ ಏನಂದೆ?’

‘ಆಗಲ್ಲ ಅಂತ ಹೇಳಿದೆ.’

‘ಗೊತ್ತಿದ್ದೂವೆ?’

‘ಹೇಳಿದರೆ ಗೋಡೆ ಹೋಗುತ್ತೆ ಮಾವ. ಅಲ್ಲಿ ಯಾರಿಗೆ ಗೊತ್ತಾಗುತ್ತೆ, ಬಿಡು.’

‘ಎಣಿಕೆ ತಪ್ತು ಅಂತ ಗೊತ್ತಾದ್ರೆ, ಲಾರಿಗೆ ಅಗ್ಗ ಬಿಗಿದಿದ್ರೂ ಬಿಚ್ಚುಸ್ತೀನಿ ಕಣಮ್ಮಿ. ಎಲ್ಲಾನೂ ಇಳುಸಿ ಮೊದ್ಲಿಂದ ಎಣಿಸ್ತೀನಿ. ಮಳೆ ಉಯ್ತಿದ್ರೂ ಸರಿಯೆ. ನಲವತ್ ವರ್ಸ ಆಯ್ತು. ನೀನ್ ಅಷ್ಟೊಂದ್ ಓದ್ದೋಳು, ಬುಡು ಅಂತೀಯಾ?’

ಕೂಗಾಡಲಿಲ್ಲ. ಟೀ ಸೋಸಿ ನನ್ನ ಮುಂದೆ ಒಂದು ಲೋಟ ಇಟ್ಟು, ತನ್ನದನ್ನು ತೆಗೆದುಕೊಂಡು ಹೊರಗಿನ ಜಗಲಿಗೆ ಹೋದ. ‘ಬುಡು ಅಂತೀಯಾ’ ಎಂದ ಆ ಧ್ವನಿ ನನಗೆ ಚೆನ್ನಾಗಿ ಗೊತ್ತಿತ್ತು. ಪ್ರೆಸ್ಸಿನವನಿಗೆ, ಲಾಟರಿಯವನಿಗೆ, ಇಪ್ಪತ್ತೈದು ವರ್ಷ ಇವನಿಗೇ ನಾನು ಬಳಸಿದ ಧ್ವನಿ ಅದು. ಅದನ್ನು ನನ್ನ ಮೇಲೆ ಯಾರೂ ಬಳಸಿರಲಿಲ್ಲ. ಟೀ ಕುಡಿಯದೆ ಚೆಲ್ಲಿದೆ.

ನಾಲ್ಕು ದಿನ ಮಾತಿಲ್ಲ. ಬಸ್ಸು ಕಾಲೇಜಿನ ಮುಂದೆ ತಿರುಗುವಾಗ ಗೋಡೆ ಕಾಣದಂತೆ ಆ ಕಡೆಯ ಸೀಟಿನಲ್ಲಿ ಕೂರುತ್ತಿದ್ದೆ. ಗುರುವಾರ ಕ್ಲಾಸಿನಲ್ಲಿ ಒಬ್ಬ ಹುಡುಗಿಯ ನೋಟ್‌ಬುಕ್ ತಿದ್ದಲು ತೆಗೆದುಕೊಂಡೆ. ಅವಿಭಾಜ್ಯ ಸಂಖ್ಯೆಗೆ ಉದಾಹರಣೆ ಎಂದು ಮೊದಲ ಪುಟದಲ್ಲಿ ದುಂಡಗೆ ಬರೆದಿತ್ತು, ಗೋಡೆಯನ್ನು ನೋಡಿ ಬರೆದದ್ದು, ಹದಿನೆಂಟು ಅಂಕಿ. ಕೆಂಪು ಪೆನ್ನು ಹಿಡಿದು ಕೂತೆ. ತಪ್ಪು ಹಾಕಿದರೆ ಯಾಕೆ ಎಂದು ಕೇಳುತ್ತಾಳೆ. ಸರಿ ಹಾಕಲು ಕೈ ಬರಲಿಲ್ಲ. ಏನೂ ಹಾಕದೆ ವಾಪಸ್ ಕೊಟ್ಟೆ. ಮುಂದಿನ ವರ್ಷ ಇಂಥವು ಎಷ್ಟು ಬರುತ್ತವೆ ಎಂದು ಯೋಚಿಸಿದೆ. ಅದನ್ನು ಲೆಕ್ಕ ಹಾಕಲು ಕಂಪ್ಯೂಟರ್ ಬೇಕಿರಲಿಲ್ಲ.

ಶನಿವಾರ ಮನೆಗೆ ಬಂದು ಮಾವನಿಗೆ ಹೇಳಿದೆ: ‘ನಾಳೆ ಪೇಂಟರನ್ನ ಕರಿ.’

ಭಾನುವಾರ ಬೆಳಗ್ಗೆ ಮತ್ತೆ ಮೂವರೂ ಗೋಡೆಯ ಮುಂದೆ ನಿಂತೆವು. ಎರಡು ಒಂಬತ್ತರ ನಡುವೆ ಒಂದು ಗೇಣು ಜಾಗ ಇತ್ತು. ಪೇಂಟರ್ ಮೊದಲೇ ಎಷ್ಟು ಅಂಕಿ ಎಂದು ಕೇಳಿಕೊಂಡಿದ್ದ, ಮಾವ ಹದಿನೆಂಟು ಎಂದಿದ್ದ, ಅದೇ ಲೆಕ್ಕದಲ್ಲಿ ಗೋಡೆ ತುಂಬಿತ್ತು. ಅರ್ಧ ಗೋಡೆ ಅಳಿಸಿ ಬರೆಯಬೇಕು, ಎರಡು ದಿನದ ಕೆಲಸ ಎಂದ ಪೇಂಟರ್. ಎರಡು ದಿನ ನಮಗೆ ಯಾರು ಬಿಡುತ್ತಾರೆ? ಸೋಮವಾರ ಬೆಳಗ್ಗೆ ಪ್ರಾಂಶುಪಾಲರು ಬರುತ್ತಿದ್ದರು.

‘ಕೆಂಪು ಇದೆಯಾ?’ ಎಂದೆ. ಟ್ರೇಲರಿನ ಹಿಂದೆ ಡೇಂಜರ್ ಎಂದು ಬರೆಯುವ ಕೆಂಪು ಎನಾಮೆಲ್ ಇತ್ತು. ಬ್ರಷ್ ನಾನೇ ತೆಗೆದುಕೊಂಡೆ. ಸೆರಗು ಸಿಕ್ಕಿಸಿ ಏಣಿ ಏರಿದೆ. ಮಾವ ಏಣಿ ಹಿಡಿದುಕೊಂಡ. ಎರಡು ಒಂಬತ್ತರ ನಡುವೆ, ಕೆಳಗಿನಿಂದ, ಉತ್ತರಪತ್ರಿಕೆಗಳಲ್ಲಿ ಬಿಟ್ಟುಹೋದದ್ದನ್ನು ತೋರಿಸಲು ಹಾಕುತ್ತೇವಲ್ಲ, ತಲೆ ಮೇಲೆ ಮಾಡಿದ ಆ ಬಾಣದ ಗುರುತು ಹಾಕಿದೆ. ಸಾವಿರಾರು ಮಕ್ಕಳ ಪತ್ರಿಕೆಯಲ್ಲಿ ಹಾಕಿದ್ದೇನೆ, ಮುಖ ಸಿಂಡರಿಸಿಕೊಂಡು. ಅಷ್ಟು ದೊಡ್ಡದಾಗಿ ಎಂದೂ ಹಾಕಿರಲಿಲ್ಲ. ಒಂದು ಕಡೆ ಸೊಟ್ಟಗಾಯಿತು. ಅದರ ಮೇಲೆ ಏನು ಬರೆಯಬೇಕೆಂದು ನನಗೆ ಗೊತ್ತಿಲ್ಲವೇ? ಆದರೂ ಕೆಳಗೆ ನೋಡಿ, ‘ಹೇಳು ಮಾವ’ ಎಂದೆ.

ಅವನು ಒಂದು ಕೈಯಲ್ಲಿ ಏಣಿ ಹಿಡಿದೇ ಇನ್ನೊಂದು ಕೈಯಿಂದ ಜೇಬಿನ ಚೀಟಿ ತೆಗೆದ. ಅಂಗಿ ಬೇರೆಯಾಗಿತ್ತು, ಚೀಟಿ ಅದೇ. ಕಣ್ಣ ಹತ್ತಿರ ಹಿಡಿದುಕೊಂಡು ಮೊದಲಿನಿಂದ ಓದಿದ. ಲಾಭ ಎನ್ನಲಿಲ್ಲ. ‘ಒಂದು, ಎಲ್ಡು, ಮೂರು’ ಎಂದು ಬೆರಳು ಸರಿಸುತ್ತಾ ಬಂದು, ಒಂಬತ್ತು ದಾಟಿ, ನಿಧಾನಕ್ಕೆ, ‘ಒಂದು’ ಎಂದ. ಬರೆದೆ. ‘ಸೊನ್ನೆ’ ಎಂದ. ಬರೆದೆ. ಇಳಿದು ಬಂದು ರಸ್ತೆಯ ಆಚೆ ನಿಂತು ಇಬ್ಬರೂ ಪೂರ್ತಿ ಎಣಿಸಿದೆವು. ಇಪ್ಪತ್ತು.

ಸೋಮವಾರ ಪ್ರಾಂಶುಪಾಲರ ಕೋಣೆಗೆ ನಾನೇ ಹೋದೆ. ಗೋಡೆಯ ಮೇಲಿದ್ದದ್ದು ತಪ್ಪು, ನಾನು ಓದಿ ನೋಡದೆ ಬಿಟ್ಟದ್ದು, ವೇದಿಕೆಯ ಮೇಲೆ ನಿಂತಾಗ ಗೊತ್ತಿದ್ದೂ ಸುಳ್ಳು ಹೇಳಿದೆ ಎಂದೆ. ಕೂಗಿದ್ದು ಯಾರು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅವರಿಗೆ ಸುಳ್ಳಿನ ಬಗ್ಗೆ ಬೇಸರವೇ ಆಗಲಿಲ್ಲ. ಕಿಟಕಿಯಿಂದ ಗೋಡೆ ನೋಡುತ್ತಾ ಬೆರಳು ಮಡಿಸಿ ಕೂಡುತ್ತಿದ್ದರು.

‘ಏನು ಮೇಡಂ ಇದು! ಈಗ ತೊಂಬತ್ತೊಂದಾಯ್ತು. ಒಂಬತ್ತೂ ಒಂದು ಹತ್ತು, ಒಂದೂ ಸೊನ್ನೆ ಒಂದು. ಒಂಬತ್ತು ಹೋಗಿ ಒಂದಾಯ್ತು! ಇದ್ದ ಅದೃಷ್ಟ ಹಾಳು ಮಾಡಿದ್ರಲ್ಲ!’

ಬುಧವಾರ ಬಣ್ಣ ಹೊಡೆಸಿದರು. ಬಿಳಿ ಡಿಸ್ಟೆಂಪರ್, ಎರಡು ಕೋಟು. ಮುಂದಿನ ವಾರ ದಾನಿಗಳ ಪಟ್ಟಿ ಬಂತು. ಶೀರ್ಷಿಕೆಯಲ್ಲೇ ಎರಡು ತಪ್ಪಿದೆ, ಯಾರೂ ನೋಡಿಲ್ಲ. ಲಾಟರಿಯ ಮನುಷ್ಯ ನನ್ನನ್ನು ಕಂಡರೆ ‘ಹತ್ತು ಮೇಡಂ’ ಎಂದು ಹಿಂದಿನಿಂದ ಪಿಸುಗುಟ್ಟಿ ನಗುತ್ತಾನೆ. ನಗಲಿ. ಒಂಬತ್ತರ ಭಾಗಾಕಾರ ಅವನಿಗೆ ಈಗಲೂ ಬರುವುದಿಲ್ಲ.

ಕಪ್ಪು ಅಂಕಿಗಳೆಲ್ಲ ಬಿಳಿಯ ಅಡಿಯಲ್ಲಿ ಮುಚ್ಚಿಹೋದವು. ಕೆಂಪು ಮಾತ್ರ ಮುಚ್ಚಲಿಲ್ಲ. ಡಿಸ್ಟೆಂಪರಿನ ಮೂಲಕ ಒಸರಿಕೊಂಡು ಮೇಲೆ ಬಂತು. ಈಗ ಗೋಡೆಯ ನಡುಮಧ್ಯೆ, ಊರಿನ ಒಬ್ಬ ಗಣ್ಯರ ಹೆಸರಿನ ಹಿಂದೆ, ಗುಲಾಬಿ ಬಣ್ಣದ ಬಾಣವೂ ಅದರ ಮೇಲೆ 10 ಕೂಡ ಕಾಣುತ್ತವೆ. ಇನ್ನೊಂದು ಕೋಟು ಹೊಡೆಸಿದರು, ಮತ್ತೆ ಬಂತು. ಅವರು ಕೊಟ್ಟದ್ದು ಬರೀ ಹತ್ತು ರೂಪಾಯಿಯೇ ಎಂದು ಬಸ್ಸಿನಲ್ಲಿ ಜನ ಕೇಳುವುದನ್ನು ನಾನೇ ಕೇಳಿಸಿಕೊಂಡಿದ್ದೇನೆ.

ಮೊನ್ನೆ ಮಳವಳ್ಳಿಗೆ ಕಾಯಿಯ ಲಾರಿಯ ಜೊತೆ ಬಂದಿದ್ದ ಮಾವ ಕಾಲೇಜು ಬಿಡುವ ಹೊತ್ತಿಗೆ ಗೇಟಿಗೆ ಬಂದ. ಮೊದಲ ಸಲ ನಾನು ಒಳಗೆ ಕರೆದೆ. ಬರಲಿಲ್ಲ, ರಸ್ತೆಯ ಆಚೆ ನಿಂತು ಗೋಡೆಯನ್ನೇ ನೋಡುತ್ತಿದ್ದ. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಹೆಸರುಗಳ ನಡುವೆ ಆ ಗುಲಾಬಿ ಅಂಕಿಗಳತ್ತ ಗಲ್ಲ ಎತ್ತಿ ತೋರಿಸಿದ.

‘ರಾಸಿಯೆಲ್ಲಾ ಓಯ್ತು ಕಣಮ್ಮಿ. ಗುರ್ತಿನ ಕಾಯಿ ಅಲ್ಲೇ ಅದೆ, ನೋಡು.’